ಅರ್ಧ ಅಂಕ, ಒಂದು ವೋಟು, ಒಂದು ಬಸ್ಸು

ಈ ಸಲದ ಅಂಬೇಡ್ಕರ್ ಜಯಂತಿಗೆ ನಮ್ಮ ಕೇರಿಯಲ್ಲಿ ನನಗೊಂದು ಸನ್ಮಾನ ಇಟ್ಕೊಂಡಿದ್ರು. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇರೋ ಸಣ್ಣ ಊರು ನಮ್ಮದು. ಶಾಲು ಹೊದಿಸಿದ ಮೇಲೆ ಮೈಕ್ ಹಿಡಿದ ಹುಡುಗ ಹೇಳಿದ: "ನಮ್ಮ ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವರು ಇವರು. ಪ್ರತಿಭೆ ಇದ್ರೆ ಯಾರೂ ತಡೆಯೋಕೆ ಆಗಲ್ಲ ಅನ್ನೋದಕ್ಕೆ ಇವರೇ ಸಾಕ್ಷಿ." ಎಲ್ಲರೂ ಚಪ್ಪಾಳೆ ಹೊಡೆದ್ರು. ಹಿಂದೆ ಲೈಟ್ ಕಂಬದ ಹತ್ರ ನಮ್ಮಣ್ಣ ನಿಂತಿದ್ದ. ಅವನೂ ಹೊಡೆದ. ನನಗೆ ತಲೆ ಎತ್ತೋಕಾಗಲಿಲ್ಲ.

ಯಾಕೆ ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ. ಅದೂ ಕಾರ್ ರೇಸಿನ ಇತಿಹಾಸ. ನಗಬೇಡಿ ಗೆಳೆಯರೇ, ಪೂರ್ತಿ ಓದಿ.

ಅಣ್ಣನ ಮಗ ನಂಜನಗೂಡಲ್ಲಿ ಡಿಗ್ರಿ ಓದ್ತಿದ್ದಾನೆ. ಅವನಿಗೆ ಫಾರ್ಮುಲಾ ಒನ್ ಹುಚ್ಚು. ರಾತ್ರಿ ಹೊತ್ತಲ್ಲಿ ಮೊಬೈಲ್ ಹಿಡ್ಕೊಂಡು ಕೂತಿರ್ತಾನೆ. ಒಂದಿನ ಬೈದೆ. ಅವನು ಸಮಾಧಾನವಾಗಿ ಹೇಳಿದ: "ಚಿಕ್ಕಪ್ಪ, ಇದರಲ್ಲಿ ಒಂದೊಂದು ಟೀಮಿಗೆ ಇಬ್ಬರು ಡ್ರೈವರು, ಎರಡು ಕಾರು. ಬೇರೆ ಟೀಮಿನವನ ಜೊತೆ ಹೋಲಿಸಿದ್ರೆ ಅದು ಕಾರಿಗೂ ಕಾರಿಗೂ ಹೋಲಿಕೆ. ಮನುಷ್ಯನಿಗೂ ಮನುಷ್ಯನಿಗೂ ಹೋಲಿಸಬೇಕು ಅಂದ್ರೆ ಒಂದೇ ಟೀಮಿನ ಇಬ್ಬರನ್ನ ನೋಡ್ಬೇಕು."

ಈ ಮಾತು ನನ್ನ ತಲೆಯೊಳಗೆ ಕೂತುಬಿಡ್ತು. ಮೀಸಲಾತಿ ವಿಚಾರದಲ್ಲಿ ನಾವು ಐವತ್ತು ವರ್ಷದಿಂದ ಗಂಟಲು ಹರ್ಕೊಂಡು ಹೇಳ್ತಿರೋದನ್ನ ಈ ಹುಡುಗ ಮೂರು ಸಾಲಲ್ಲಿ ಹೇಳಿದ್ದ. ಆಮೇಲೆ ನಾನೂ ಓದೋಕೆ ಶುರು ಮಾಡಿದೆ. ಓದಿದ ಮೇಲೆ ಗೊತ್ತಾಯ್ತು: ಒಂದೇ ಟೀಮು, ಒಂದೇ ಥರದ ಕಾರು ಇದ್ದರೂ ಗೆದ್ದವನೇ ವೇಗದವನು ಅನ್ನೋಕಾಗಲ್ಲ.

1984ರ ಕಥೆ ನೋಡಿ. ಮೆಕ್ಲಾರೆನ್ ಟೀಮಲ್ಲಿ ಇಬ್ಬರು, ನಿಕಿ ಲೌಡಾ ಮತ್ತು ಅಲಾನ್ ಪ್ರೋಸ್ಟ್. ಆ ವರ್ಷ ಪ್ರೋಸ್ಟ್ 7 ರೇಸು ಗೆದ್ದ, ಲೌಡಾ 5. ರೇಸಿನ ಹಿಂದಿನ ದಿನ ನಡೆಯೋ ಅರ್ಹತಾ ಸುತ್ತಿನಲ್ಲೂ ಹೆಚ್ಚುಕಮ್ಮಿ ಎಲ್ಲ ಸಲ ಪ್ರೋಸ್ಟೇ ಮುಂದೆ. ಆದರೆ ಚಾಂಪಿಯನ್ ಆದವನು ಲೌಡಾ. 72 ಅಂಕಕ್ಕೆ 71.5. ಅರ್ಧ ಅಂಕ!

ಆ ಅರ್ಧ ಎಲ್ಲಿಂದ ಬಂತು? ಜೂನ್‌ನಲ್ಲಿ ಮೊನಾಕೊದಲ್ಲಿ ಜೋರು ಮಳೆ. ಅರ್ಧ ದೂರವೂ ಮುಗಿಯೋ ಮೊದಲೇ ರೇಸು ನಿಲ್ಲಿಸಿದ್ರು. ಆಗ ಮುಂದಿದ್ದವನು ಪ್ರೋಸ್ಟ್. ಹಾಗಾಗಿ ಗೆದ್ದ. ಆದರೆ ನಿಯಮದ ಪ್ರಕಾರ ಅರ್ಧ ಅಂಕ ಮಾತ್ರ, ಅಂದ್ರೆ ನಾಲ್ಕೂವರೆ. ರೇಸು ಪೂರ್ತಿ ನಡೆದು ಅವನು ಎರಡನೇ ಜಾಗಕ್ಕೆ ಇಳಿದಿದ್ರೂ 6 ಅಂಕ ಸಿಕ್ತಿತ್ತು, ಚಾಂಪಿಯನ್ ಆಗ್ತಿದ್ದ. ಗೆದ್ದಿದ್ದೇ ಅವನಿಗೆ ನಷ್ಟ ಆಯ್ತು. ಇನ್ನು ಕೊನೇ ರೇಸು, ಪೋರ್ಚುಗಲ್‌ನಲ್ಲಿ. ಎರಡನೇ ಜಾಗದಲ್ಲಿದ್ದ ನೈಜೆಲ್ ಮ್ಯಾನ್ಸೆಲ್‌ನ ಬ್ರೇಕು ಕೆಟ್ಟು ಹೊರಗೆ ಹೋದ. ಆ ಜಾಗಕ್ಕೆ ಲೌಡಾ ಬಂದ. ಇನ್ನೊಬ್ಬನ ಬ್ರೇಕು ಇವನಿಗೆ ಪಟ್ಟ ಕಟ್ಟಿತು.

ಹಾಗಂತ ಲೌಡಾ ಬರೀ ಅದೃಷ್ಟದವನು ಅಂತ ನಾನು ಹೇಳ್ತಿಲ್ಲ. 1976ರಲ್ಲಿ ಬೆಂಕಿಯಲ್ಲಿ ಬೆಂದು ಸಾವಿನ ಬಾಯಿಂದ ಎದ್ದು ಬಂದು ಮತ್ತೆ ಕಾರು ಹತ್ತಿದವನು. ಯಂತ್ರವನ್ನ ಜೋಪಾನವಾಗಿ ಗುರಿ ತನಕ ತರೋದು ಕೂಡ ವಿದ್ಯೆಯೇ. ನಾನು ಹೇಳ್ತಿರೋದು ಇಷ್ಟೇ: ಫಲಿತಾಂಶದ ಪಟ್ಟಿ ನೋಡಿದವನಿಗೆ ಮಳೆ ಕಾಣಲ್ಲ, ಬ್ರೇಕು ಕಾಣಲ್ಲ.

ನಾಲ್ಕು ವರ್ಷ ಬಿಟ್ಟು, 1988ರಲ್ಲಿ, ಅದೇ ಟೀಮಿಗೆ ಐರ್ಟನ್ ಸೆನ್ನಾ ಬಂದ. 16 ರೇಸಲ್ಲಿ 15 ಅವರಿಬ್ಬರೇ ಗೆದ್ರು. ಸೆನ್ನಾ 8, ಪ್ರೋಸ್ಟ್ 7. ಒಟ್ಟು ಅಂಕ ಪ್ರೋಸ್ಟ್‌ಗೆ 105, ಸೆನ್ನಾಗೆ 94. ಚಾಂಪಿಯನ್ ಯಾರು? ಸೆನ್ನಾ! ಯಾಕಂದ್ರೆ ಆಗ ಅತ್ಯುತ್ತಮ 11 ಫಲಿತಾಂಶ ಮಾತ್ರ ಲೆಕ್ಕಕ್ಕೆ. ಆ ಲೆಕ್ಕದಲ್ಲಿ ಸೆನ್ನಾ 90, ಪ್ರೋಸ್ಟ್ 87. ವೇಗಕ್ಕೆ ಹೆಚ್ಚು ಬೆಲೆ ಕೊಟ್ಟ ನಿಯಮ ಅದು. ನಿಯಮ ಬೇರೆ ಇದ್ದಿದ್ರೆ ಪಟ್ಟವೂ ಬೇರೆಯವನಿಗೆ. ಅಂದ್ರೆ 'ಅರ್ಹತೆ' ಅನ್ನೋದು ಆಕಾಶದಿಂದ ಇಳಿದದ್ದಲ್ಲ, ಯಾರೋ ಕೂತು ಬರೆದ ಲೆಕ್ಕ.

ನಮ್ಮ ಜನಕ್ಕೆ ಹತ್ತಿರದ ಕಥೆ 2016ರದ್ದು. ಮರ್ಸಿಡಿಸ್ ಟೀಮಿನ ಲೂಯಿಸ್ ಹ್ಯಾಮಿಲ್ಟನ್ ಮತ್ತು ನಿಕೋ ರೋಸ್‌ಬರ್ಗ್. ಹ್ಯಾಮಿಲ್ಟನ್ ಫಾರ್ಮುಲಾ ಒನ್‌ಗೆ ಬಂದ ಮೊದಲ ಕಪ್ಪು ಡ್ರೈವರು. ಮಗನನ್ನ ರೇಸಿಗೆ ಬಿಡೋಕೆ ಅಪ್ಪ ಒಂದೇ ಹೊತ್ತಲ್ಲಿ ಎರಡು ಮೂರು ಕೆಲಸ ಮಾಡ್ತಿದ್ದ. ರೋಸ್‌ಬರ್ಗ್‌ನ ಅಪ್ಪ ಕೆಕೆ ರೋಸ್‌ಬರ್ಗ್ 1982ರ ವಿಶ್ವ ಚಾಂಪಿಯನ್. ಇಬ್ಬರೂ ಹುಡುಗರಾಗಿದ್ದಾಗ ಕಾರ್ಟಿಂಗ್‌ನಲ್ಲೂ ಒಂದೇ ಟೀಮಲ್ಲಿದ್ದವರು.

ಆ ವರ್ಷ ಹ್ಯಾಮಿಲ್ಟನ್ 10 ರೇಸು ಗೆದ್ದ, ರೋಸ್‌ಬರ್ಗ್ 9. ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ ಹ್ಯಾಮಿಲ್ಟನ್‌ಗೆ 12 ಸಲ, ರೋಸ್‌ಬರ್ಗ್‌ಗೆ 8 ಸಲ. ಅಕ್ಟೋಬರ್ 2, ಮಲೇಷ್ಯಾ. ಹ್ಯಾಮಿಲ್ಟನ್ ಎಲ್ಲರಿಗಿಂತ ಮುಂದೆ ಇದ್ದಾನೆ. ಇದ್ದಕ್ಕಿದ್ದಂಗೆ ಎಂಜಿನ್ ಹೊತ್ತಿಕೊಳ್ತು. 25 ಅಂಕ ಹೋಯ್ತು. ವರ್ಷದ ಕೊನೆಗೆ ರೋಸ್‌ಬರ್ಗ್ 385, ಹ್ಯಾಮಿಲ್ಟನ್ 380. ಚಾಂಪಿಯನ್ ಆದ ಐದೇ ದಿನಕ್ಕೆ ರೋಸ್‌ಬರ್ಗ್ ನಿವೃತ್ತಿ ಹೇಳಿಬಿಟ್ಟ.

ನ್ಯಾಯವಾಗಿ ಇನ್ನೊಂದು ಮಾತು ಹೇಳ್ಬೇಕು. ಆ ವರ್ಷ ಹ್ಯಾಮಿಲ್ಟನ್ ಕೆಲವು ರೇಸಲ್ಲಿ ಶುರುವಿನಲ್ಲೇ ಎಡವಿ ಹಿಂದೆ ಬಿದ್ದ. ಎಲ್ಲ ತಪ್ಪೂ ಎಂಜಿನ್‌ದಲ್ಲ. ಆದರೆ ಐದು ಅಂಕದ ಅಂತರದಲ್ಲಿ ಇಪ್ಪತ್ತೈದು ಅಂಕದ ಎಂಜಿನ್ ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ.

ನಮ್ಮ ಕರ್ನಾಟಕಕ್ಕೂ ಇದರಲ್ಲಿ ಒಂದು ಎಳೆ ಇದೆ. ಬೆಂಗಳೂರಿನ ಮದ್ಯದ ದೊರೆ ವಿಜಯ್ ಮಲ್ಯ 2007ರಲ್ಲಿ ಒಂದು ಟೀಮು ಕೊಂಡು ಫೋರ್ಸ್ ಇಂಡಿಯಾ ಅಂತ ಹೆಸರಿಟ್ಟರು. ಅತ್ತ ಅವರ ವಿಮಾನ ಕಂಪನಿಯ ನೌಕರರು ಸಂಬಳಕ್ಕೆ ಬೀದಿಗೆ ಬಂದಿದ್ರು, ಇತ್ತ ಕಾರು ಓಡ್ತಿತ್ತು. 2014ರಿಂದ 2016ರ ತನಕ ಆ ಟೀಮಲ್ಲಿ ನಿಕೋ ಹುಲ್ಕೆನ್‌ಬರ್ಗ್ ಮತ್ತು ಸರ್ಜಿಯೊ ಪೆರೆಜ್ ಜೊತೆಯಲ್ಲಿದ್ರು. ಒಂದು ಸುತ್ತಿನ ವೇಗದಲ್ಲಿ ಹುಲ್ಕೆನ್‌ಬರ್ಗ್ ಒಂದು ಕೈ ಮೇಲು. 2014ರಲ್ಲಿ ಅಂಕವೂ ಅವನದೇ ಜಾಸ್ತಿ, 96ಕ್ಕೆ 59. ಆದರೆ ಆ ಮೂರು ವರ್ಷದಲ್ಲಿ ಮೊದಲ ಮೂವರು ನಿಲ್ಲೋ ಪೋಡಿಯಂ ಮೇಲೆ ಪೆರೆಜ್ 4 ಸಲ ನಿಂತ, ಹುಲ್ಕೆನ್‌ಬರ್ಗ್ ಒಂದು ಸಲವೂ ಇಲ್ಲ. ಪೆರೆಜ್ ಟೈರು ಸವೆಯದಂಗೆ ಓಡಿಸೋದರಲ್ಲಿ ಗಟ್ಟಿಗ, ಅದು ಅವನ ಗಳಿಕೆ. ಆದರೆ 2015ರ ರಷ್ಯಾ ರೇಸಲ್ಲಿ ಕೊನೇ ಸುತ್ತಿನಲ್ಲಿ ಮುಂದಿನ ಇಬ್ಬರು ಡಿಕ್ಕಿ ಹೊಡ್ಕೊಂಡಿದ್ದಕ್ಕೆ ಅವನಿಗೆ ಮೂರನೇ ಜಾಗ ಸಿಕ್ತು, ಅದು ಅದೃಷ್ಟ. ಹುಲ್ಕೆನ್‌ಬರ್ಗ್ ಅದೇ 2015ರಲ್ಲಿ 24 ಗಂಟೆಯ ಲೆ ಮಾನ್ಸ್ ರೇಸ್ ಗೆದ್ದವನು. ಅಂಥವನು ಫಾರ್ಮುಲಾ ಒನ್ ಪೋಡಿಯಂ ಹತ್ತೋಕೆ 2025ರ ಜುಲೈ ತನಕ ಕಾಯಬೇಕಾಯ್ತು, 239ನೇ ರೇಸು. ನಡುವೆ ಸೀಟು ಹೋಗಿತ್ತು, ಮತ್ತೆ ಸಿಕ್ತು, ಅದಕ್ಕೇ ಹತ್ತಿದ. ಮತ್ತೆ ಸಿಗದೇ ಇದ್ದಿದ್ರೆ?

ಈಗ ನಮ್ಮ ಸೀಮೆಗೆ ಬನ್ನಿ.

2004ರ ವಿಧಾನಸಭೆ ಚುನಾವಣೆ. ನಮ್ಮ ಪಕ್ಕದ ಸಂತೇಮರಹಳ್ಳಿ ಮೀಸಲು ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದು ವೋಟು! ಕೃಷ್ಣಮೂರ್ತಿಯವರ ಕಾರಿನ ಡ್ರೈವರಿಗೇ ಅವತ್ತು ವೋಟು ಹಾಕೋಕೆ ಬಿಡುವಾಗಲಿಲ್ಲ ಅಂತ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಈಗಲೂ ಹೇಳ್ತಾರೆ. ಆ ಒಂದು ವೋಟಿಂದ ಒಬ್ಬರ ದಾರಿ ತೆರೀತು: 2008ರಲ್ಲಿ ಕೊಳ್ಳೇಗಾಲದ ಶಾಸಕ, 2009 ಮತ್ತು 2014ರಲ್ಲಿ ಚಾಮರಾಜನಗರದ ಸಂಸದ. ಇನ್ನೊಬ್ಬರು, ಬಿ. ರಾಚಯ್ಯನವರಂಥ ಹಿರಿಯರ ಮಗ, ಮತ್ತೆ ವಿಧಾನಸಭೆ ಗೆಲ್ಲೋಕೆ 2023ರ ತನಕ ಕಾದರು. ಅಷ್ಟೊತ್ತಿಗೆ ಇಬ್ಬರೂ ಒಂದೇ ಪಕ್ಷ, ಒಂದೇ ಟೀಮು. ಆದರೆ ಆ ಚುನಾವಣೆಗೆ ಎರಡು ತಿಂಗಳ ಮೊದಲು ಧ್ರುವನಾರಾಯಣ ಸರ್ ನಮ್ಮನ್ನ ಬಿಟ್ಟು ಹೋದರು. 2019ರಲ್ಲಿ ಅದೃಷ್ಟ ಅವರ ಕೈಯನ್ನೂ ಬಿಟ್ಟಿತ್ತು, ಲೋಕಸಭೆಗೆ 1,817 ಮತದಲ್ಲಿ ಸೋತಿದ್ರು. ಅವತ್ತು ನಂಜನಗೂಡಲ್ಲಿ, ನರಸೀಪುರದಲ್ಲಿ ವೋಟು ಹಾಕಿದವರು ನಾವೇ. ಒಂದು ವೋಟಿನ ಗೆಲುವು ಅವರ ಯೋಗ್ಯತೆಯ ಅಳತೆ ಆಗಿರಲಿಲ್ಲ, 1,817ರ ಸೋಲೂ ಆಗಿರಲಿಲ್ಲ.

ಇದೆಲ್ಲ ಯಾಕೆ ಹೇಳಿದೆ ಅಂದ್ರೆ, ಒಂದೇ ಟೀಮು, ಒಂದೇ ಎಂಜಿನ್ ಇರೋ ಕಡೆಯೇ ಗೆದ್ದವನು ಯಾರು, ವೇಗದವನು ಯಾರು ಅಂತ ಹೇಳೋದು ಇಷ್ಟು ಕಷ್ಟ. ಹಾಗಿದ್ದಾಗ ಒಬ್ಬನನ್ನ ಕಾರಲ್ಲಿ ಕೂರಿಸಿ, ಇನ್ನೊಬ್ಬನನ್ನ ಬರಿಗಾಲಲ್ಲಿ ನಿಲ್ಲಿಸಿ, ಕೊನೆಗೆ ಗಡಿಯಾರ ತೋರಿಸಿ 'ನೋಡಿ ಮೆರಿಟ್ಟು' ಅಂತಾರಲ್ಲ, ಅದಕ್ಕೆ ಏನು ಹೇಳೋಣ?

ಈ ಜಗಳ ನಮ್ಮ ಮೈಸೂರಲ್ಲೇ ನೂರು ವರ್ಷದ ಹಿಂದೆ ನಡೆದಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದಾಗ, ಸರ್ಕಾರಿ ಹುದ್ದೆ ತುಂಬಿಕೊಂಡಿದ್ದವರು ಎತ್ತಿದ ಪ್ರಶ್ನೆ ಅರ್ಹತೆಯದೇ. ದಿವಾನ್ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ, ಹುದ್ದೆ ಬಿಟ್ಟರು. ಮಹಾರಾಜರು ಹಿಂದೆ ಸರೀಲಿಲ್ಲ. ಬಾಬಾಸಾಹೇಬರದ್ದೇ ನೋಡಿ. ಅವರ ವೇಗದ ಬಗ್ಗೆ ಯಾರಿಗಾದ್ರೂ ಅನುಮಾನ ಇದೆಯಾ? ಆದರೂ 1913ರಲ್ಲಿ ಬರೋಡದ ವಿದ್ಯಾರ್ಥಿವೇತನ ಸಿಗದೇ ಇದ್ದಿದ್ರೆ ಕೊಲಂಬಿಯಾ ಇಲ್ಲ. 1917ರಲ್ಲಿ ಅದರ ಅವಧಿ ಮುಗಿದಾಗ ಲಂಡನ್ ಓದು ಅರ್ಧಕ್ಕೇ ನಿಂತಿತು. ದುಡ್ಡು ಕೂಡಿಸಿ, ಸಾಲ ಮಾಡಿ, ಶಾಹು ಮಹಾರಾಜರ ನೆರವು ಪಡೆದು ಮತ್ತೆ ಹೋಗೋಕೆ 1920 ಆಯ್ತು. ಅಂಥ ಎಂಜಿನ್ ಕೂಡ ಪೆಟ್ರೋಲ್ ಇಲ್ಲದೆ ಮೂರು ವರ್ಷ ನಿಂತಿತ್ತು.

ಈಗ ಅಣ್ಣನ ವಿಷಯ.

ನಾವಿಬ್ಬರೂ ಒಂದೇ ಮನೆ, ಒಂದೇ ಸ್ಕೂಲು, ಒಂದೇ ಸೀಮೆಎಣ್ಣೆ ಬುಡ್ಡಿ. ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಮೇಷ್ಟ್ರು ಬೋರ್ಡ್ ಮೇಲೆ ಲೆಕ್ಕ ಬರೆದು ಸೀಮೆಸುಣ್ಣ ಕೆಳಗಿಡೋ ಹೊತ್ತಿಗೆ ಇವನು ಉತ್ತರ ಹೇಳಿರ್ತಿದ್ದ. ನಾನು ಕೈಬೆರಳು ಎಣಿಸ್ತಾ ಕೂತಿರ್ತಿದ್ದೆ. ಕಬ್ಬಿನ ಲೋಡಿನ ತೂಕ, ದರ, ಕಳೆಯೋದು ಎಲ್ಲ ಬಾಯಲ್ಲೇ. ಊರ ಗೌಡರೂ ಅವನನ್ನ ಕರೆದು ಲೆಕ್ಕ ಕೇಳೋರು, ಜಗಲಿ ಕೆಳಗೆ ನಿಲ್ಲಿಸಿಕೊಂಡು.

1991. ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ. ಸೆಂಟರು ನರಸೀಪುರದಲ್ಲಿ. ನಮ್ಮೂರಿಗೆ ಬೆಳಿಗ್ಗೆ ಒಂದೇ ಬಸ್ಸು. ಅದು ದಾರಿಯಲ್ಲಿ ಕೆಟ್ಟು ನಿಂತಿತು. ಇವನು ಇಳಿದು ಓಡಿದ. ಹೋಗಿ ಮುಟ್ಟೋ ಹೊತ್ತಿಗೆ ಅರ್ಧ ಗಂಟೆ ಮೀರಿತ್ತು. ಗೇಟಲ್ಲಿ ಬಿಡಲಿಲ್ಲ. ಅವನು ಅತ್ಯಂತ ಚೆನ್ನಾಗಿ ಬಲ್ಲ ವಿಷಯದಲ್ಲೇ ಫೇಲು. ಮತ್ತೆ ಕಟ್ಟಬಹುದಿತ್ತಲ್ಲ ಅಂತೀರಿ. ಆ ವರ್ಷವೇ ಅಪ್ಪ ಹಾಸಿಗೆ ಹಿಡಿದ. ಪರೀಕ್ಷೆ ಫೀಸು ಕಟ್ಟೋ ದಿನ ಬಂದಾಗ ಅಣ್ಣ ಮೈಸೂರಲ್ಲಿ ಮೇಸ್ತ್ರಿ ಕೈಕೆಳಗೆ ಗಾರೆ ಕಲೆಸ್ತಿದ್ದ.

ಎರಡು ವರ್ಷದ ಮೇಲೆ ನನ್ನ ಸರದಿ. ಪರೀಕ್ಷೆಗೆ ಮುಂಚಿನ ಸಾಯಂಕಾಲವೇ ಅಣ್ಣ ಕೆಲಸ ಬಿಟ್ಟು ಬಂದ, ನನ್ನನ್ನ ನರಸೀಪುರಕ್ಕೆ ಕರ್ಕೊಂಡು ಹೋಗಿ ಅಲ್ಲಿನ ಕೇರಿಯಲ್ಲಿ ನೆಂಟರ ಮನೆಯಲ್ಲಿ ಇಟ್ಟ. ಪರೀಕ್ಷೆ ಮುಗಿಯೋ ತನಕ ನಾನು ಅಲ್ಲೇ. ಎರಡು ಪೆನ್ನು ಕೊಡಿಸಿದ, ಒಂದು ಕೆಟ್ಟರೆ ಇನ್ನೊಂದು ಅಂತ. ಬೆಳಿಗ್ಗೆ ಗೇಟ್ ತನಕ ಬಿಟ್ಟ. ನಾನು ಪಾಸಾದೆ, ಅದೂ ಸುಮಾರಾಗಿ. ಆಮೇಲೆ ಹಾಸ್ಟೆಲ್ಲು, ಪಿಯುಸಿ, ಡಿಗ್ರಿ, ಚಳವಳಿ, ಮೈಕು, ಈಗ ಶಾಲು.

ನನ್ನ ಗಾಡಿ ದಾರಿಯಲ್ಲಿ ಕೆಡಲಿಲ್ಲ ಅಂದ್ರೆ, ಅವನ ಗಾಡಿ ಎಲ್ಲಿ ಕೆಟ್ಟಿತು ಅಂತ ಅವನಿಗೆ ಗೊತ್ತಿತ್ತು, ಅದಕ್ಕೆ. ಇದರಲ್ಲಿ ನನ್ನ ಪ್ರತಿಭೆ ಎಷ್ಟು? ಶ್ರಮ ಪಟ್ಟಿದ್ದೀನಿ, ಇಲ್ಲ ಅನ್ನಲ್ಲ. ಆದರೆ ನಮ್ಮ ಮನೆಯಲ್ಲಿ ವೇಗದವನು ನಾನಲ್ಲ.

ಮೆರಿಟ್ ಅನ್ನೋರಿಗೆ ಉತ್ತರ ಕೊಡೋದು ಸುಲಭ, ದಿನಾ ಕೊಡ್ತಾನೇ ಇದ್ದೀವಿ. ಕಷ್ಟ ಇರೋದು ನಮ್ಮೊಳಗೆ. ನಮ್ಮಲ್ಲೇ ಗುರಿ ಮುಟ್ಟಿದ ಕೆಲವರು 'ನಾನು ಬರಲಿಲ್ವಾ, ನಿಮಗೇನಾಗಿದೆ' ಅಂತ ಕೇರಿಯ ಹುಡುಗರಿಗೆ ಬೋಧನೆ ಮಾಡೋದು ಕೇಳ್ತಿದ್ದೀನಿ. ನಾನೂ ಮಾಡಿದ್ದೀನಿ. 1956ರ ಮಾರ್ಚ್‌ನಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರ ಬಗ್ಗೆ ನೊಂದು ಮಾತಾಡಿದ್ದು ಇಂಥದಕ್ಕೇ. ಅವತ್ತು ಸ್ಟೇಜ್ ಮೇಲೆ ನಾನು ಇದನ್ನ ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಒಂದು ಕೆಲಸ ಮಾಡೋಣ. ಮುಂದಿನ ಮಾರ್ಚ್ ಪರೀಕ್ಷೆಗೆ ನಮ್ಮ ಸುತ್ತಿನ ಕೇರಿಗಳ ಎಸ್ಸೆಸ್ಸೆಲ್ಸಿ ಮಕ್ಕಳ ಪಟ್ಟಿ ಮಾಡೋಣ. ಯಾರಿಗೆ ಬಸ್ಸಿಲ್ಲ, ಯಾರು ಹಿಂದಿನ ರಾತ್ರಿ ಸೆಂಟರ್ ಹತ್ರ ಉಳೀಬೇಕು, ಒಂದು ವಿಷಯ ಹೋದವರಲ್ಲಿ ಯಾರು ಫೀಸು ಕಟ್ಟೋಕಾಗದೆ ಗಾರೆ ಕೆಲಸಕ್ಕೆ ಹೋಗಿದ್ದಾರೆ, ನೋಡೋಣ. ನಂಜನಗೂಡು, ನರಸೀಪುರ ಎರಡೂ ಕಡೆ ಆಟೋ ಓಡಿಸೋ ನಮ್ಮ ಹುಡುಗರು ಇದ್ದಾರೆ, ಮನೆಯಲ್ಲಿ ಜಾಗ ಕೊಡೋರು ಇದ್ದಾರೆ. ಇದಕ್ಕೆ ದೊಡ್ಡ ಸಂಘಟನೆ ಬೇಡ. ಕೈ ಜೋಡಿಸೋರು ಇನ್‌ಬಾಕ್ಸ್‌ಗೆ ಬನ್ನಿ.

ಇದನ್ನ ಹಾಕೋ ಮುಂಚೆ ಅಣ್ಣನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಅರ್ಧ ಗಂಟೆ ಅಲ್ಲ ಕಣೋ, ಮೂವತ್ತೈದು ನಿಮಿಷ" ಅಂದ. ಲೆಕ್ಕ ಅವನದ್ದೇ ಸರಿ.

ಜೈ ಭೀಮ್.