ಎಪಿಫನಿ: ಒಂದು ಹಬ್ಬದ ಅರ್ಥಚರಿತ್ರೆ

ಜನವರಿ 6ರ ಎಪಿಫನಿ ಹಬ್ಬವನ್ನು ‘ಮೂರು ರಾಯರ ಹಬ್ಬ’ವೆಂದು ಕರೆಯುವುದು ರೂಢಿ. ಕ್ರಿಸ್‌ಮಸ್ಸಿನ ಸಂಭ್ರಮಕ್ಕೆ ಇದೊಂದು ಅನುಬಂಧವೆಂದು ಭಾವಿಸುವವರೂ ಉಂಟು. ಕಥೋಲಿಕ ಪೂಜಾವಿಧಿಯ ಇತಿಹಾಸವನ್ನು ಪರಿಶೀಲಿಸಿದರೆ ಈ ಎರಡು ಕಲ್ಪನೆಗಳೂ ಅಪೂರ್ಣವೆಂಬುದು ವ್ಯಕ್ತವಾಗುತ್ತದೆ. ಎಪಿಫನಿಯು ಪೂರ್ವದೇಶಗಳಲ್ಲಿ ಸ್ವತಂತ್ರವಾಗಿ ಹುಟ್ಟಿದ ಹಬ್ಬ; ಪಶ್ಚಿಮಕ್ಕೆ ಬಂದಮೇಲೆ ಅದರ ಅರ್ಥವು ಸಂಕುಚಿತವಾಯಿತು.

ಗ್ರೀಕಿನ ‘ಎಪಿಫಾನೆಯ’ ಎಂಬ ಶಬ್ದಕ್ಕೆ ಪ್ರಕಟವಾಗುವುದು, ಕಾಣಿಸಿಕೊಳ್ಳುವುದು ಎಂದು ಅರ್ಥ. ದೇವತೆಯ ಪ್ರತ್ಯಕ್ಷತೆಗೂ, ಅರಸನು ಪಟ್ಟಣಕ್ಕೆ ಬಿಜಯಮಾಡುವುದಕ್ಕೂ ಗ್ರೀಕರು ಈ ಪದವನ್ನು ಬಳಸುತ್ತಿದ್ದರು. ಆದುದರಿಂದ ಹಬ್ಬದ ಹೆಸರಿನಲ್ಲಿ ರಾಯರ ಪ್ರಸ್ತಾಪವೇ ಇಲ್ಲ. ಮತ್ತಾಯನ ಸುವಾರ್ತೆಯಲ್ಲಿಯೂ ಅವರು ರಾಯರಲ್ಲ. ಮೂಲದ ‘ಮಾಗೊಯ್’ ಶಬ್ದಕ್ಕೆ ಕನ್ನಡ ಬೈಬಲ್ಲಿನ ಅನುವಾದಕರು ‘ಜೋಯಿಸರು’ ಎಂಬ ಪದವನ್ನು ಆರಿಸಿಕೊಂಡುದು ಬಹಳ ಯುಕ್ತವಾಗಿದೆ. ಅವರು ಎಷ್ಟು ಮಂದಿಯೆಂಬುದನ್ನು ಮತ್ತಾಯನು ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳಗಳೆಂಬ ಮೂರು ಕಾಣಿಕೆಗಳಿಂದ ಮೂವರೆಂಬ ಊಹೆ ಹುಟ್ಟಿತು. 72ನೆಯ ಕೀರ್ತನೆಯಲ್ಲಿಯೂ ಯೆಶಾಯನ 60ನೆಯ ಅಧ್ಯಾಯದಲ್ಲಿಯೂ ಕಾಣಿಕೆ ಹೊತ್ತು ಬರುವ ಅರಸರ ವರ್ಣನೆ ಇರುವುದರಿಂದ ಜೋಯಿಸರಿಗೆ ಕಿರೀಟವೂ ಬಂದಿತು. ರವೆನ್ನದ ಆರನೆಯ ಶತಮಾನದ ಭಿತ್ತಿಚಿತ್ರದಲ್ಲಿ ಅವರ ಹೆಸರುಗಳೂ ಕಾಣಸಿಗುತ್ತವೆ.

ಹಬ್ಬದ ಅತಿ ಪ್ರಾಚೀನ ಸುಳಿವು ಈಜಿಪ್ಟಿನದು. ಕ್ರಿ.ಶ. 200ರ ಸುಮಾರಿನಲ್ಲಿ ಬರೆದ ಅಲೆಕ್ಸಾಂಡ್ರಿಯದ ಕ್ಲೆಮೆಂಟನು, ಬಸಿಲಿದೀಸನ ಅನುಯಾಯಿಗಳು ಯೇಸುವಿನ ದೀಕ್ಷಾಸ್ನಾನದ ದಿನವನ್ನು ಆಚರಿಸುತ್ತಿದ್ದರೆಂದೂ, ಅವರಲ್ಲಿ ಕೆಲವರಿಗೆ ಅದು ತೂಬಿ ಮಾಸದ ಹನ್ನೊಂದನೆಯ ದಿನವೆಂದೂ ತಿಳಿಸುತ್ತಾನೆ. ಆ ದಿನವು ಜನವರಿ 6ಕ್ಕೆ ಸರಿಹೊಂದುತ್ತದೆ. ಆ ಪಂಥವನ್ನು ಸಭೆಯು ಪಾಷಂಡವೆಂದು ತಳ್ಳಿಹಾಕಿತಾದ್ದರಿಂದ ಇದೊಂದರಿಂದಲೇ ಹೆಚ್ಚಿನದನ್ನು ಸಾಧಿಸಲಾಗದು. ಆದರೂ ಗಮನಾರ್ಹವಾದ ಸಂಗತಿಯೆಂದರೆ, ಇಲ್ಲಿ ವಿಷಯವು ಜೋರ್ದಾನಿನ ಸ್ನಾನವೇ ಹೊರತು ಬೆತ್ಲೆಹೇಮಿನ ನಕ್ಷತ್ರವಲ್ಲ. ಮುಂದೆ ಈಜಿಪ್ಟಿನ ಕ್ರೈಸ್ತರು ಒಂದೇ ದಿನದಲ್ಲಿ ಜನನವನ್ನೂ ಸ್ನಾನವನ್ನೂ ಸ್ಮರಿಸುತ್ತಿದ್ದರೆಂದು ಕಾಸಿಯಾನನು ಬರೆದಿದ್ದಾನೆ. ಆರ್ಮೇನಿಯದ ಸಭೆ ಇಂದಿಗೂ ಅದೇ ಕ್ರಮವನ್ನು ಉಳಿಸಿಕೊಂಡಿದೆ.

ಇತ್ತ ರೋಮಿನಲ್ಲಿ ಡಿಸೆಂಬರ್ 25ರ ಆಚರಣೆ ನೆಲೆಗೊಂಡಿತ್ತು. 354ರ ಪಂಚಾಂಗದಲ್ಲಿ ಸೇರಿರುವ, 336ರ ಹೊತ್ತಿಗೆ ಸಿದ್ಧವಾದುದೆಂದು ವಿದ್ವಾಂಸರು ನಿರ್ಣಯಿಸಿರುವ ಪಟ್ಟಿಯು ಇದಕ್ಕೆ ಆಧಾರ. ಈ ತಿಥಿಯು ಸೂರ್ಯಾರಾಧನೆಯ ಹಬ್ಬದಿಂದ ಬಂದುದೋ, ಮಾರ್ಚ್ 25ನ್ನು ಗರ್ಭಧಾರಣೆಯ ದಿನವೆಂದು ಹಿಡಿದ ಗಣನೆಯಿಂದ ಬಂದುದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪ್ರಕೃತಕ್ಕೆ ಅದು ಅನಾವಶ್ಯಕ. ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಪೂರ್ವ ಪಶ್ಚಿಮಗಳು ತಮ್ಮ ಹಬ್ಬಗಳನ್ನು ಪರಸ್ಪರ ಬದಲಾಯಿಸಿಕೊಂಡುದೇ ಇಲ್ಲಿ ಮುಖ್ಯ. 361ರ ಜನವರಿಯಲ್ಲಿ, ಇನ್ನೂ ಕ್ರೈಸ್ತನಂತೆ ನಟಿಸುತ್ತಿದ್ದ ಜೂಲಿಯನನು ಗಾಲ್ ದೇಶದ ವಿಯೆನ್ನ್ ನಗರದಲ್ಲಿ ಎಪಿಫನಿಯ ಪ್ರಾರ್ಥನೆಗೆ ಹೋದನೆಂದು ಇತಿಹಾಸಕಾರ ಅಮ್ಮಿಯಾನಸನು ಹೇಳುತ್ತಾನೆ. 386ರಲ್ಲಿ ಅಂತಿಯೋಕ್ಯದ ಕ್ರಿಸೊಸ್ತೊಮನು, ಡಿಸೆಂಬರ್ 25ರ ಹಬ್ಬವು ತನ್ನ ಊರಿಗೆ ಬಂದು ಹತ್ತು ವರ್ಷಗಳೂ ಆಗಿಲ್ಲವೆಂದು ಪ್ರವಚನದಲ್ಲಿ ಒಪ್ಪಿಕೊಂಡನು. ಆಫ್ರಿಕದ ಅಗಸ್ಟೀನನಂತೂ, ಪೂರ್ವದ ಸಭೆಯೊಡನೆ ಐಕ್ಯವಿಲ್ಲದ ದೊನಾತಿಸ್ಟರು ಎಪಿಫನಿಯನ್ನು ಆಚರಿಸುವುದಿಲ್ಲವೆಂದು ಆಕ್ಷೇಪಿಸಿದನು. ಆ ಒಡಕು ನಾಲ್ಕನೆಯ ಶತಮಾನದ ಆದಿಯದು. ಹಬ್ಬವು ಆಫ್ರಿಕಕ್ಕೆ ಬಂದುದು ಅದಾದ ಮೇಲೆ ಎಂದು ಇದರಿಂದ ಊಹಿಸಬಹುದು.

ಜನನಕ್ಕೆ ಬೇರೊಂದು ದಿನ ನಿಗದಿಯಾಗಿದ್ದ ರೋಮಿಗೆ ಜನವರಿ 6ರಂದು ಉಳಿದುದು ಜೋಯಿಸರ ಆಗಮನ. ಐದನೆಯ ಶತಮಾನದ ಪೋಪ್ ಲಿಯೊ ಈ ದಿನದ ತನ್ನ ಪ್ರವಚನಗಳಲ್ಲಿ ಅವರನ್ನು ಯೆಹೂದ್ಯೇತರ ಜನಾಂಗಗಳ ಪ್ರಥಮಫಲವೆಂದು ವ್ಯಾಖ್ಯಾನಿಸಿದನು. ಹೀಗೆ ರಕ್ಷಣೆಯು ಒಂದು ಕುಲಕ್ಕೆ ಮೀಸಲಲ್ಲವೆಂಬ ತತ್ತ್ವವು ಹಬ್ಬದ ತಿರುಳಾಯಿತು. ಹಳೆಯ ಅರ್ಥವು ಮಾತ್ರ ಪೂರ್ತಿಯಾಗಿ ಅಳಿಯಲಿಲ್ಲ. ಲತೀನ್ ಪ್ರಾರ್ಥನಾಕ್ರಮವು ನಕ್ಷತ್ರ, ಜೋರ್ದಾನಿನ ಸ್ನಾನ, ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದುದು, ಈ ಮೂರನ್ನೂ ಅದೇ ದಿನದ ಪ್ರಕಟನೆಗಳೆಂದು ಹಾಡುತ್ತ ಬಂದಿತು. 567ರ ತೂರ್ ಸಮ್ಮೇಳನವು ಕ್ರಿಸ್‌ಮಸ್ಸಿನಿಂದ ಎಪಿಫನಿಯವರೆಗಿನ ದಿನಗಳೆಲ್ಲ ಹಬ್ಬದ ದಿನಗಳೇ ಎಂದು ವಿಧಿಸಿದಾಗ ಎರಡು ತಿಥಿಗಳ ನಡುವೆ ಒಂದು ಸೇತುವೆ ಕಟ್ಟಿದಂತಾಯಿತು.

ಇಪ್ಪತ್ತನೆಯ ಶತಮಾನದ ಸುಧಾರಣೆಗಳು ಈ ಕಟ್ಟನ್ನು ಬಿಡಿಸಿ ಮರುಜೋಡಿಸಿದುವು. 1955ರಲ್ಲಿ ಎಪಿಫನಿಯ ಅಷ್ಟಾಹವು ರದ್ದಾಯಿತು. 1969ರ ಪಂಚಾಂಗವು ಪ್ರಭುವಿನ ದೀಕ್ಷಾಸ್ನಾನದ ಹಬ್ಬವನ್ನು ಸಾಮಾನ್ಯವಾಗಿ ಮುಂದಿನ ಭಾನುವಾರಕ್ಕೆ ನಿಗದಿಮಾಡಿ, ಕ್ರಿಸ್‌ಮಸ್ ಕಾಲವನ್ನು ಅಲ್ಲಿಗೆ ಮುಗಿಸಿತು. ಕಾನಾದ ಪಾಠ ಮೂರು ವರ್ಷಗಳಿಗೊಮ್ಮೆ ಅದರ ಮರುಭಾನುವಾರ ಬರುತ್ತದೆ. ಸ್ಪಷ್ಟತೆ ಲಭಿಸಿತೇನೋ ನಿಜ. ಒಂದೇ ದಿನದಲ್ಲಿ ಮೂರು ಪ್ರಕಟನೆಗಳನ್ನು ಕಾಣುವ ಹಳೆಯ ದೃಷ್ಟಿ ಮಸುಕಾಯಿತೆಂದೇ ಹೇಳಬೇಕು.

ಈ ದೀರ್ಘ ಕಥೆಯ ಎರಡು ಕವಲುಗಳೂ ನಮ್ಮ ಪಶ್ಚಿಮ ಕರಾವಳಿಯಲ್ಲಿ ಉಳಿದಿರುವುದು ವಿಶೇಷ. ಗೋವೆಯ ಮಾಂಡವಿ ತೀರದಲ್ಲಿ, ಫ್ರಾನ್ಸಿಸ್ಕನ್ನರು 1555ರಲ್ಲಿ ಕಟ್ಟಿದ ರೈಸ್ ಮಾಗೋಸ್ ದೇವಾಲಯದ ಹೆಸರೇ ‘ಜೋಯಿಸ ರಾಯರು’ ಎಂದು. ಅಲ್ಲಿ ಹಬ್ಬದ ದಿನ ಮೂವರು ಬಾಲಕರು ರಾಯರ ವೇಷ ತೊಡುತ್ತಾರೆ. ಕೇರಳದ ಸೀರೋ ಮಲಬಾರ್ ಸಭೆಯೂ ರೋಮಿನ ಐಕ್ಯದಲ್ಲಿರುವ ಕಥೋಲಿಕ ಸಭೆಯೇ. ಆದರೆ ಅಲ್ಲಿ ಇದೇ ಹಬ್ಬಕ್ಕೆ ಸಿರಿಯಾಕ್ ಭಾಷೆಯ ‘ದನಹ’, ಅಂದರೆ ಉದಯ, ಎಂದು ಹೆಸರು. ಅದರ ವಿಷಯವು ಜೋರ್ದಾನಿನ ಸ್ನಾನ. ಇರಿಞಾಲಕ್ಕುಡದ ಕಡೆಯಲ್ಲಿ ಆ ಹಬ್ಬಕ್ಕೆ ಮನೆಯ ಮುಂದೆ ಬಾಳೆದಿಂಡು ನೆಟ್ಟು, ಅದರ ತುಂಬ ದೀಪ ಹಚ್ಚುತ್ತಾರೆ.