ಸಿ.ಎ. ಸಂಬಳದ ಹಿಂದಿನ ಚರಿತ್ರೆ



‘ಸಿ.ಎ. ಮಾಡಿದರೆ ಎಷ್ಟು ಸಂಬಳ ಬರುತ್ತದೆ?’ ವಾಣಿಜ್ಯ ವಿಭಾಗಕ್ಕೆ ಸೇರುವ ಮೊದಲು ಮನೆಯ ಹಿರಿಯರು ನಿಮ್ಮನ್ನು ಕೇಳುವ ಪ್ರಶ್ನೆ ಇದು. ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ತಂದೆಯೊಬ್ಬ ಕೇಳುತ್ತಿದ್ದುದು ಬೇರೆಯದನ್ನೇ: ‘ಮಗನನ್ನು ಸೇರಿಸಿಕೊಳ್ಳಲು ನಾನೆಷ್ಟು ಕೊಡಬೇಕು?’

1854ರಲ್ಲಿ ಎಡಿನ್‌ಬರೋದ ಲೆಕ್ಕಿಗರ ಸಂಘಕ್ಕೆ ರಾಜಮನ್ನಣೆಯ ಸನ್ನದು, ಅಂದರೆ ‘ಚಾರ್ಟರ್’, ದೊರೆಯಿತು. ‘ಚಾರ್ಟರ್ಡ್’ ಎಂಬ ವಿಶೇಷಣ ಬಂದುದು ಅಲ್ಲಿಂದ. 1880ರಲ್ಲಿ ಇಂಗ್ಲೆಂಡಿನವರಿಗೂ ಅದು ಸಿಕ್ಕಿತು. ವೃತ್ತಿ ಕಲಿಯಬೇಕಾದರೆ ಹಿರಿಯ ಲೆಕ್ಕಪರಿಶೋಧಕನ ಕೈಕೆಳಗೆ ಸಾಮಾನ್ಯವಾಗಿ ಐದು ವರ್ಷ ಕರಾರಿನ ಮೇಲೆ ದುಡಿಯಬೇಕಿತ್ತು. ಅದಕ್ಕಾಗಿ ತಂದೆ ‘ಪ್ರೀಮಿಯಂ’ ಎಂಬ ಹಣವನ್ನು ಕಟ್ಟುತ್ತಿದ್ದ. ಹುಡುಗನಿಗೆ ಸಂಬಳವಿಲ್ಲ. ಗುರುದಕ್ಷಿಣೆಯನ್ನು ವಿದ್ಯೆಗೆ ಮೊದಲೇ ವಸೂಲು ಮಾಡುತ್ತಿದ್ದರೆನ್ನಿ! ಉಳ್ಳವರ ಮಕ್ಕಳಷ್ಟೇ ಈ ವೃತ್ತಿಗೆ ಬರಲು ಸಾಧ್ಯವಾದುದರಲ್ಲಿ ಆಶ್ಚರ್ಯವೇನು?

ನಮ್ಮಲ್ಲಿ 1913ರ ಕಂಪನಿ ಕಾಯಿದೆ ಲೆಕ್ಕಪರಿಶೋಧನೆಯನ್ನು ಕಡ್ಡಾಯ ಮಾಡಿತು. 1918ರಲ್ಲಿ ಮುಂಬಯಿ ಸರಕಾರ ಜಿ.ಡಿ.ಎ. ಎಂಬ ಡಿಪ್ಲೊಮಾವನ್ನು ಆರಂಭಿಸಿತು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಕಂಡಿದ್ದ ಮದರಾಸಿನ ಆರ್. ಶಿವಭೋಗಂ 1933ರಲ್ಲಿ ಅದನ್ನು ಮುಗಿಸಿ ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿಯಾದರು. 1949ರ ಜುಲೈ 1ರಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಸ್ಥಾಪನೆಯಾದಾಗ ಸದಸ್ಯರು ಸುಮಾರು 1,700 ಮಂದಿ. ಇಂದು ಅವರ ಸಂಖ್ಯೆ ನಾಲ್ಕು ಲಕ್ಷವನ್ನು ಮೀರಿದೆ.

ಪ್ರೀಮಿಯಂ ಪದ್ಧತಿ ನಮ್ಮಲ್ಲಿಯೂ ಇತ್ತು. ಕಾಲಕ್ರಮದಲ್ಲಿ ಅದು ಹೋಗಿ ಸ್ಟೈಪೆಂಡ್ ಬಂತು. ಹಣ ಹರಿಯುವ ದಿಕ್ಕೇ ತಿರುಗಿತು. ಆದರೆ ಮೊತ್ತವನ್ನು ನೋಡಿ. 2000ರ ದಶಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ನಿಯಮದಂತೆ ಕೊಡಬೇಕಾದ ಕನಿಷ್ಠ ಸ್ಟೈಪೆಂಡ್ ಮೊದಲ ವರ್ಷ ತಿಂಗಳಿಗೆ 1,000 ರೂಪಾಯಿ, ಎರಡನೆಯ ವರ್ಷ 1,250, ಮೂರನೆಯ ವರ್ಷ 1,500. ಹಳ್ಳಿಯಿಂದ ಬೆಂಗಳೂರಿಗೆ ಬಂದ ಹುಡುಗನಿಗೆ ಇಷ್ಟರಲ್ಲಿ ಕೊಠಡಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಮೊತ್ತ ಆಮೇಲೆ ಏರಿದೆ, 2023ರ ಹೊಸ ಪದ್ಧತಿಯಲ್ಲಿ ತರಬೇತಿಯ ಅವಧಿ ಎರಡು ವರ್ಷಕ್ಕೆ ಇಳಿದಿದೆ. ಆದರೂ ಈ ವರ್ಷಗಳ ಖರ್ಚನ್ನು ಮನೆಯವರೇ ಭರಿಸಬೇಕಾಗುವುದು ಹೆಚ್ಚು.

ಅಂತಿಮ ಪರೀಕ್ಷೆ ಮುಗಿದೊಡನೆ ಗಳಿಕೆ ಒಮ್ಮೆಗೇ ನೆಗೆಯುತ್ತದೆ. ಪತ್ರಿಕೆಗಳು ಬರೆಯುವುದು ಈ ನೆಗೆತವನ್ನು ಕುರಿತೇ. ಮುಂದಿನ ಏರಿಕೆ ನಿಧಾನ. ಒಂದು ಲೆಕ್ಕ ಮಾಡಿ ನೋಡೋಣ. ಸಂಬಳ ವರ್ಷಕ್ಕೆ ನೂರಕ್ಕೆ 10ರಂತೆ ಏರಿದರೆ ಏಳು ವರ್ಷ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ಬೆಲೆಗಳೂ ನೂರಕ್ಕೆ 6ರಂತೆ ಏರುತ್ತಿದ್ದರೆ? ಆ ಸಂಬಳದಿಂದ ಕೊಳ್ಳಬಹುದಾದ ಅಕ್ಕಿ, ಬೇಳೆ, ಬಟ್ಟೆ ಇಮ್ಮಡಿಯಾಗಲು ಸುಮಾರು 19 ವರ್ಷ ಬೇಕು. ಇಪ್ಪತ್ತಮೂರರ ಯುವಕನಿಗೆ ಆಗ ನಲವತ್ತೆರಡು ತುಂಬಿರುತ್ತದೆ.

ಸ್ವಂತ ಕಚೇರಿ ತೆರೆದವರ ಹಾದಿ ಇನ್ನೂ ನಿಧಾನವಾದುದು. ಗಿರಾಕಿಗಳನ್ನು ಜಾಹೀರಾತಿನಿಂದ ಕರೆಯುವಂತಿಲ್ಲ, ಲೆಕ್ಕಪರಿಶೋಧನೆಯ ಶುಲ್ಕವನ್ನು ಲಾಭದ ಶೇಕಡಾವಾರು ಪಡೆಯುವಂತಿಲ್ಲ ಎಂದು 1949ರ ಕಾಯಿದೆ ಕಟ್ಟುನಿಟ್ಟು ಮಾಡಿತ್ತು. ಒಳ್ಳೆಯ ಕಟ್ಟಲೆಯೇ: ಲಾಭ ಹೆಚ್ಚು ತೋರಿಸಿದಷ್ಟೂ ಶುಲ್ಕ ಹೆಚ್ಚುವುದಾದರೆ ಆ ಲೆಕ್ಕವನ್ನು ನಂಬುವವರಾರು? ಆದರೆ ಹೆಸರು ಬಾಯಿಂದ ಬಾಯಿಗೆ ಹರಡುವವರೆಗೆ ಹೊಸಬರು ಕಾಯಬೇಕಾಯಿತು. ಅಂಥವರ ಕೈಹಿಡಿದುದು 1984ರ ಹಣಕಾಸು ಕಾಯಿದೆ. 40 ಲಕ್ಷ ರೂಪಾಯಿಗೂ ಮೀರಿದ ವಹಿವಾಟಿನ ವ್ಯಾಪಾರಿಗಳಿಗೆ ಅದು ತೆರಿಗೆ ಲೆಕ್ಕಪರಿಶೋಧನೆಯನ್ನು ಕಡ್ಡಾಯಗೊಳಿಸಿದ್ದರಿಂದ ಸಣ್ಣ ಊರುಗಳ ಸಿ.ಎ.ಗಳಿಗೂ ವರ್ಷವರ್ಷವೂ ಬರುವ ಕೆಲಸ ದೊರೆಯಿತು. 1991ರ ಆರ್ಥಿಕ ಸುಧಾರಣೆಯ ನಂತರ ಕಂಪನಿಗಳು ಇವರನ್ನು ನೌಕರಿಗೆ ಕರೆಯುವುದೂ ಹೆಚ್ಚಿತು.

ಸಂಸ್ಥೆಯಲ್ಲಿಯೇ ಉಳಿದು ಪಾಲುದಾರನಾದವನದು ವಿಚಿತ್ರ ಸ್ಥಿತಿ. ಹೊಸ ಪಾಲುದಾರ ಹಲವು ಕಡೆ ಬಂಡವಾಳ ತರಬೇಕು. ಲಾಭ ಕುಸಿದ ವರ್ಷ ಅವನ ಪಾಲೂ ಕುಸಿಯುತ್ತದೆ. ಪಾಲುದಾರಿಕೆಯ ಪತ್ರದಲ್ಲಿ ‘ಸಂಬಳ’ ಎಂದೇ ಬರೆದು ತಿಂಗಳು ತಿಂಗಳು ಪಡೆದರೂ ನಮ್ಮ ಆದಾಯ ತೆರಿಗೆ ಕಾನೂನು ಅದನ್ನು ಸಂಬಳವೆಂದು ಒಪ್ಪುವುದಿಲ್ಲ; ವೃತ್ತಿಯ ಆದಾಯವೆಂದೇ ಎಣಿಸುತ್ತದೆ.