ಹೊರೆ ಇಳಿಸುವ ಹೊಲಿಗೆ: ಚಾರಣದ ಸಲಕರಣೆ ಮನೆಯಲ್ಲೇ ಸಿದ್ಧ

ದಿನಗಟ್ಟಲೆ ಕಾಡುಮೇಡುಗಳಲ್ಲಿ ಸಾಗುವ ಚಾರಣಿಗರು ಸೂರು, ಹಾಸಿಗೆ, ಅಡುಗೆ ಸಾಮಾನುಗಳನ್ನೆಲ್ಲ ಬೆನ್ನ ಮೇಲೆಯೇ ಹೊರಬೇಕಾಗುತ್ತದೆ. ಈ ಹೊರೆಯಲ್ಲಿ ಚೀಲ, ಗುಡಾರ ಮತ್ತು ಹೊದಿಕೆಗಳದೇ ದೊಡ್ಡ ಪಾಲು. ಇವುಗಳನ್ನು ಸ್ವತಃ ಹೊಲಿದುಕೊಂಡು ಭಾರ ತಗ್ಗಿಸುವ ಪರಿಪಾಠ ಅಮೆರಿಕದ ದೀರ್ಘ ಚಾರಣ ಪಥಗಳಲ್ಲಿ ಬೆಳೆದುಬಂದಿದೆ. ಆಹಾರ, ನೀರು, ಇಂಧನಗಳನ್ನು ಹೊರತುಪಡಿಸಿ ಹೊರೆಯ ತೂಕ ಸುಮಾರು 4.5 ಕೆ.ಜಿ.ಗಿಂತ ಕಡಿಮೆಯಿದ್ದರೆ ಅದನ್ನು ‘ಅಲ್ಟ್ರಾಲೈಟ್’ ಎನ್ನಲಾಗುತ್ತದೆ.

ಹಿನ್ನೆಲೆ: 1955ರಲ್ಲಿ 67 ವರ್ಷದ ಎಮ್ಮಾ ಗೇಟ್‌ವುಡ್ ಎಂಬ ಮಹಿಳೆ ಸುಮಾರು 3,300 ಕಿ.ಮೀ. ಉದ್ದದ ಅಪಲೇಚಿಯನ್ ಪಥವನ್ನು ಏಕಾಂಗಿಯಾಗಿ ಕ್ರಮಿಸಿದರು. ಅವರ ಹೆಗಲಲ್ಲಿದ್ದುದು ತಾವೇ ಹೊಲಿದ ಡೆನಿಮ್ ಚೀಲ. ಮಳೆಗೆ ಆಸರೆ ಸ್ನಾನಗೃಹದ ಪ್ಲಾಸ್ಟಿಕ್ ಪರದೆ. 1966ರಲ್ಲಿ ಕೊಲೊರಾಡೊದಲ್ಲಿ ಆರಂಭವಾದ ಫ್ರಾಸ್ಟ್‌ಲೈನ್ ಸಂಸ್ಥೆಯು ಮನೆಯಲ್ಲೇ ಹೊಲಿದುಕೊಳ್ಳಬಹುದಾದ ಕಿಟ್‌ಗಳನ್ನು ಮಾರಿತು. 1990ರ ದಶಕದಲ್ಲಿ ಎಂಜಿನಿಯರ್ ಹಾಗೂ ಪರ್ವತಾರೋಹಿ ರೇ ಜಾರ್ಡಿನ್ ತಮ್ಮ ಪುಸ್ತಕಗಳ ಮೂಲಕ ಈ ವಿಚಾರಕ್ಕೆ ಸ್ಪಷ್ಟ ರೂಪ ನೀಡಿದರು. ಹೊರೆ ಹಗುರವಾದಲ್ಲಿ ಚೀಲಕ್ಕೆ ಲೋಹದ ಚೌಕಟ್ಟಾಗಲೀ ಸೊಂಟಪಟ್ಟಿಯಾಗಲೀ ಬೇಕಿಲ್ಲ. ಹೀಗೆ ಒಂದರ ಭಾರ ಇಳಿದರೆ ಇನ್ನೊಂದರದೂ ಇಳಿಯುತ್ತದೆ ಎಂಬುದು ಅವರ ವಾದದ ತಿರುಳು.

ಬಟ್ಟೆಯ ಆಯ್ಕೆ: ಸಿಲಿಕೋನ್ ಲೇಪಿತ ನೈಲಾನ್ ಬಹುಬಳಕೆಯ ಬಟ್ಟೆ. ಚದರ ಮೀಟರಿಗೆ 45 ಗ್ರಾಂ ತೂಗುವ ಬಟ್ಟೆಯಲ್ಲಿ 3 ಮೀಟರ್ ಉದ್ದ, 2.7 ಮೀಟರ್ ಅಗಲದ ಟಾರ್ಪಾಲು ಹೊಲಿದರೆ ಬಟ್ಟೆಯ ತೂಕ ಸುಮಾರು 365 ಗ್ರಾಂ ಮಾತ್ರ. ಆದರೆ ನೈಲಾನ್ ಒದ್ದೆಯಾದಾಗ ಹಿಗ್ಗಿ ಜೋಲುವುದರಿಂದ ರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಪಾಲಿಯೆಸ್ಟರ್ ಇಷ್ಟು ಹಿಗ್ಗುವುದಿಲ್ಲ.

ಹೊಲಿಗೆ: ಮನೆಬಳಕೆಯ ಸಾಮಾನ್ಯ ಹೊಲಿಗೆ ಯಂತ್ರವೇ ಸಾಕು. ತೆಳುವಾದ ಹೊಸ ಸೂಜಿ ಹಾಗೂ ಪಾಲಿಯೆಸ್ಟರ್ ದಾರ ಅಗತ್ಯ. ಹತ್ತಿ ದಾರ ತೇವದಲ್ಲಿ ಕೊಳೆಯುತ್ತದೆ. ಹೊಲಿಗೆಗಳ ನಡುವೆ ಸುಮಾರು 3 ಮಿ.ಮೀ. ಅಂತರವಿರಲಿ. ತೀರಾ ಒತ್ತಾಗಿ ಹೊಲಿದರೆ ಅಂಚೆಚೀಟಿಯ ರಂಧ್ರಸಾಲಿನಂತೆ ಬಟ್ಟೆ ಅಲ್ಲಿಯೇ ಹರಿದೀತು. ಎರಡು ತುಂಡುಗಳ ಅಂಚುಗಳನ್ನು ಒಂದರೊಳಗೊಂದು ಮಡಚಿ, ಜೀನ್ಸ್ ಪ್ಯಾಂಟಿನಲ್ಲಿರುವಂತೆ ಜೋಡಿ ಹೊಲಿಗೆ ಹಾಕುವುದು ಸೂಕ್ತ. ಗುಂಡುಸೂಜಿ ಚುಚ್ಚಿದ ತೂತು ಉಳಿದುಬಿಡುವುದರಿಂದ ಕ್ಲಿಪ್ ಬಳಸುವುದು ಮೇಲು. ಕೊನೆಯಲ್ಲಿ ಹೊಲಿಗೆಯ ಗೆರೆಗೆ ಸಿಲಿಕೋನ್ ಅಂಟನ್ನು ತೆಳುವಾಗಿ ಲೇಪಿಸಬೇಕು. ಸಿಲಿಕೋನ್ ಬಟ್ಟೆಗೆ ಬೇರೆ ಅಂಟು ಹಿಡಿಯುವುದಿಲ್ಲ.

ಹೊದಿಕೆ: ಸ್ಲೀಪಿಂಗ್ ಬ್ಯಾಗಿನಲ್ಲಿ ಮೈಯಡಿಗೆ ಸಿಕ್ಕ ಭಾಗ ಅದುಮಿಹೋಗಿ ಹೆಚ್ಚು ಬೆಚ್ಚಗಿಡುವುದಿಲ್ಲ. ಆದ್ದರಿಂದ ಕೆಳಭಾಗವನ್ನೇ ಕೈಬಿಟ್ಟು, ನಮ್ಮ ಕೌದಿಯಂತೆ ಮೇಲೆ ಹೊದೆಯುವ ರಜಾಯಿ ಹೊಲಿದುಕೊಳ್ಳುವವರಿದ್ದಾರೆ. ನೆಲದ ತಣ್ಣನ್ನು ತಡೆಯಲು ಕೆಳಗೆ ಚಾಪೆ ಕಡ್ಡಾಯ. ಹಕ್ಕಿಯ ನಯವಾದ ಪುಕ್ಕ ಅತಿ ಹಗುರ, ಆದರೆ ಒದ್ದೆಯಾದರೆ ಮುದ್ದೆಯಾಗುತ್ತದೆ. ಕೃತಕ ನಾರಿನ ಹಾಳೆ ತುಸು ಭಾರವಾದರೂ ತೇವದಲ್ಲಿ ಒಂದಿಷ್ಟು ಶಾಖ ಉಳಿಸುತ್ತದೆ, ಹೊಲಿಯುವುದೂ ಸುಲಭ. ಹೊಸಬರಿಗೆ ಇದೇ ಹಿತ.

ಎಚ್ಚರಿಕೆ: ಭಾರ ಇಳಿಸುವ ಭರದಲ್ಲಿ ರಕ್ಷಣೆಯನ್ನೂ ಇಳಿಸುವ ಅಪಾಯವಿದೆ. ಚಳಿಗಾಳಿಯ ರಾತ್ರಿಯಲ್ಲಿ ಒಂದು ಹೊಲಿಗೆ ಸೋರಿ ಹೊದಿಕೆ ನೆನೆದರೆ ದೇಹದ ಉಷ್ಣತೆ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ನೈಲಾನ್ ಬೆಂಕಿ ತಗುಲಿದೊಡನೆ ಕರಗುತ್ತದೆ. ಮುಚ್ಚಿದ ಗುಡಾರದೊಳಗೆ ಒಲೆ ಹೊತ್ತಿಸಿದರೆ ವಿಷಾನಿಲವೂ ತುಂಬುತ್ತದೆ. ಅಂಗಡಿಯ ಸರಕನ್ನು ತಯಾರಕರು ಪರೀಕ್ಷಿಸಿರುತ್ತಾರೆ. ಮನೆಯಲ್ಲಿ ಹೊಲಿದುದಕ್ಕೆ ಹೊಲಿದವರೇ ಹೊಣೆ. ಹೀಗಾಗಿ ಅದರ ಮೊದಲ ಪರೀಕ್ಷೆ ನಡೆಯಬೇಕಾದುದು ಮನೆಯಂಗಳದ ಮಳೆಯಲ್ಲಿ, ಬೆಟ್ಟದ ತುದಿಯಲ್ಲಲ್ಲ.